ಓ ಅನ್ನಲಿಕ್ಕೊಂದು ಹೆಸರು

ಮಗಳು ಬಾಣಂತನಕ್ಕೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಬೆಳಗಾಗುವುದು ಹಂಡೆಯ ಉರಿಯಿಂದ. ವಿಜಯಪುರದ ಈ ಮನೆಯಲ್ಲಿ ಗೀಜರ್ ಇದೆ. ಆದರೂ ಬಾಣಂತಿಗೂ ಕೂಸಿಗೂ ಕಟ್ಟಿಗೆಯ ಉರಿಯಲ್ಲಿ ಕಾದ ನೀರೇ ಆಗಬೇಕೆಂದು ಹಿತ್ತಲಲ್ಲಿ ಕಲ್ಲು ಹೂಡಿ, ಅಟ್ಟದ ಮೇಲಿದ್ದ ತಾಮ್ರದ ಹಂಡೆಯನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದೇನೆ. ಬಬಲೇಶ್ವರದ ನಮ್ಮ ಹೊಲದಿಂದ ಬಂದ ತೊಗರಿ ಕಟ್ಟಿಗೆ ಚಟಪಟ ಎಂದು ಬೇಗ ಹತ್ತುತ್ತದೆ, ಅಷ್ಟೇ ಬೇಗ ಆರುತ್ತದೆ. ಅದರ ಮುಂದೆ ಕೂತೇ ಇರಬೇಕು. ಎದ್ದು ಒಳಗೆ ಹೋಗಿ ಹಾಲು ನೋಡಿ ಬರುವಷ್ಟರಲ್ಲಿ ಬೂದಿಯಾಗಿರುತ್ತದೆ.

ಆ ಮುಂಜಾನೆಯೂ ಹಾಗೇ ಕೂತಿದ್ದೆ. ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಪಕ್ಕದ ಮನೆಯವರು ನಡುಗೋಡೆಯ ಮೇಲಿಂದ ಕೈ ಚಾಚಿ ನಮ್ಮ ಗಿಡದ ಕರಿಬೇವು ಮುರಿದುಕೊಂಡು, ಆಮೇಲೆ ನನ್ನ ಕಡೆ ನೋಡಿ, "ಅಕ್ಕಾರ, ಒಂದೀಟ ಕರಿಬೇವು ತಗೋತೀನ್ರಿ," ಎಂದರು. ಮುರಿದುಕೊಂಡ ಮೇಲೆ ಕೇಳುವುದು ಅವರ ಪದ್ಧತಿ. ಆ ಗೋಡೆ ಎದೆಮಟ್ಟದ್ದು. ನಮ್ಮ ಕುಕ್ಕರಿನ ಸೀಟಿ ಅವರು ಎಣಿಸುತ್ತಾರೆ, ಅವರ ಮನೆಯ ಟಿ.ವಿ. ನಾವು ಕೇಳುತ್ತೇವೆ.

"ಹೆಸರು ಠರಾವ ಆತೇನ್ರಿ ಮೊಮ್ಮಗಳದು?"

"ಇನ್ನೂ ಇಲ್ರಿ. ಕರಿಯೋ ಹೆಸರು ಉಳದದ."

"ಅದೊಂದು ಮಜಾ ಬಿಡ್ರಿ. ನಮ್ಮ ಮೊಮ್ಮಗಗ ಇಡೂ ಮುಂದ ಹಿಂಗಽ ಆತು. ಮೊಬೈಲ ನೋಡಿ ನೋಡಿ ಏನೋ ಒಂದು ಇಟ್ರು. ಇನ್ನೂತನಾ ನನ್ನ ನಾಲಿಗಿ ಹೊಳ್ಳವಲ್ತು. ನಾ ಬಾಳ್ಯಾ ಅಂತೀನಿ. ಹಾಲು ಉಕ್ಕಾಕತ್ತಾವ ನೋಡ್ರಿ ನಿಮ್ಮವು."

ಹಾಲು ಉಕ್ಕಿಯೇ ಇತ್ತು.

ಮಗಳ ಎಣ್ಣೆನೀರು ಮುಗಿದ ಮೇಲೆ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಎರೆದೆ. ದಿನವೂ ಎರೆಯುತ್ತೇನೆ, ದಿನವೂ ಒಂದೊಂದು ಹೊಸದು ಕಾಣುತ್ತದೆ. ಬಲಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ. ಬಿಗಿ ಹಿಡಿದ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಚ್ಚಿದರೆ ಒಳಗೆ ಹೊದಿಸಿದ ದುಪಟಿಯ ನೂಲಿನ ಒಂದು ಎಳೆ. ರಾತ್ರಿಯೆಲ್ಲ ಅದನ್ನೇ ಹಿಡಿದುಕೊಂಡು ಮಲಗಿದೆ. ಕೆಂಡದ ಮೇಲೆ ಲೋಬಾನ ಹಾಕಿ, ಹೊಗೆಯ ಮೇಲೆ ಕೂಸನ್ನು ಆಡಿಸಿ, ಬಿಗಿಯಾಗಿ ಸುತ್ತಿ ಮಗಳ ಮಗ್ಗುಲಿಗೆ ಕೊಟ್ಟೆ. ಅದು ಒಂದು ಸಲ ಬಾಯಿ ತೆರೆದು, ಏನೋ ಹೇಳಬೇಕೆಂದು ಮರೆತವರ ಹಾಗೆ ಮುಚ್ಚಿ ನಿದ್ದೆ ಹೋಯಿತು.

ಅಷ್ಟರಲ್ಲಿ ನಿಡೋಣಿಯಿಂದ ಬೀಗತಿಯ ಫೋನು. ಮಗಳ ಅತ್ತೆ. ದೊಡ್ಡ ದನಿ, ದೊಡ್ಡ ಮನಸ್ಸು. ಫೋನು ಕಿವಿಯಿಂದ ಮೊಳ ದೂರ ಹಿಡಿದರೂ ಕೇಳುತ್ತದೆ.

"ಬೀಗತ್ಯಾರ, ನಾಳಿ ಮುಂಜಾನಿ ಬರ್ತೇವ್ರಿ. ತೊಟ್ಟಲ ಹೆಸರು ನಮ್ಮ ಅತ್ತೀದು, ಅದಕ್ಕ ಮಾತಿಲ್ಲ. ಸಾಲಿ ಹೆಸರು ಹುಡುಗೂರು ಏನರೆ ಇಟ್ಕೊಳ್ಳಿ. ಮನ್ಯಾಗ ಕರಿಯೋದು ಅವರವರ ಬಾಯಿ."

ಒಳಗಿನಿಂದ ಮಗಳು ಕೂಗಿದಳು. "ಅತ್ತೀ, ನೀವು ಕರೀತೀರೇನ್ರಿ ಆ ಹೆಸರಿಲೆ?"

"ಯವ್ವಾ! ಅತ್ತಿ ಹೆಸರು ಹಿಡದು 'ಏ, ಬಾ ಇಲ್ಲೆ' ಅನ್ಲ್ಯಾ? ನನ್ನ ನಾಲಿಗಿ ಕಿತ್ತು ಬಿದ್ದೀತು. ನಾ ಬಂಗಾರಿ ಅಂತೀನಿ, ಸುಮ್ಮಾಗ್ತೀನಿ. ಇನ್ನ ಮ್ಯಾಲ ಕೂಸಿಗೆ ಬೈಯೂದೂ ಬಂದಽ ಆತು ನೋಡು."

ನಮ್ಮ ಕಡೆ ಇದು ಹೀಗೇ. ಹಿರಿಯರು ಹೋದ ಮೇಲೆ ಅವರ ಹೆಸರು ಮನೆಯಲ್ಲಿ ಹುಟ್ಟಿದ ಮೊದಲ ಕೂಸಿಗೆ ಬರುತ್ತದೆ. ಹೆಸರು ಮನೆಗೆ ತಿರುಗಿ ಬಂತೆಂದು ಎಲ್ಲರಿಗೂ ಸಂತೋಷ. ಆದರೆ ಆ ಹೆಸರನ್ನು ಸೊಸೆಯಾದವಳು ಬಾಯಲ್ಲಿ ತರುವಂತಿಲ್ಲ. ಅದು ಅತ್ತೆಯ ಹೆಸರು ಅಥವಾ ಮಾವನ ಹೆಸರು. ಹಾಗಾಗಿ ಹೆಸರು ತೊಟ್ಟಿಲಲ್ಲಿ ಉಳಿದು, ಕೂಸು ಬೇರೊಂದು ಹೆಸರು ಹೊತ್ತು ಅಂಗಳಕ್ಕಿಳಿಯುತ್ತದೆ. ಆ ಬೇರೊಂದು ಹೆಸರನ್ನೇ ಮಗಳು ಹದಿನೈದು ದಿನದಿಂದ ಹುಡುಕುತ್ತಿದ್ದಳು.

ಅವಳಿಗೆ ಅದರ ಅಂಜಿಕೆ ಇದೆ. ಅವಳ ಹೆಸರು ನಾನೇ ಆರಿಸಿದ್ದು, ಬಹಳ ಚಂದದ್ದು, ಉದ್ದದ್ದು. ಒಂದನೆಯ ಇಯತ್ತೆಗೆ ಬರುವಷ್ಟರಲ್ಲಿ ಓಣಿಯವರ ಬಾಯಲ್ಲಿ ಅದು 'ಪಕ್ಕಿ' ಆಗಿತ್ತು. ಅವಳು ಇಂಜಿನಿಯರಿಂಗ್ ಮುಗಿಸಿದರೂ ಪಕ್ಕಿ, ನೌಕರಿ ಹಿಡಿದರೂ ಪಕ್ಕಿ. ಮದುವೆಯ ಮಂಟಪದಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಯಾರೋ "ಏ ಪಕ್ಕೀ, ಇಲ್ಲೆ ನೋಡು," ಎಂದು ಫೋಟೋ ಹೊಡೆದರು. ಆ ಫೋಟೋದಲ್ಲಿ ಮದುಮಗಳು ಸಿಟ್ಟಿನಲ್ಲಿದ್ದಾಳೆ.

"ಮಂದಿ ಮುರೀಲಾರದ ಹೆಸರು ಬೇಕು ಮಮ್ಮಿ," ಎನ್ನುತ್ತಾಳೆ. "ಇಲ್ಲಂದ್ರ ಮುರಿಯೂಕಿಂತ ಮೊದಲ ನಾವಽ ಚಂದಾಗಿ ಮುರದು ಇಟ್ಟಬಿಡಬೇಕು."

ಆ ಮುಂಜಾನೆ ಅವಳು ಒಂದು ಆಟ ತೆಗೆದಳು. ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ಬಾಣಂತಿ ಕೋಣೆಯಿಂದ ದನಿ ಬಂತು.

"ಮಮ್ಮೀ, ನೀ ಈಗ ಕೂಸು. ನಾ ಇಲ್ಲಿಂದ ಕರೀತೀನಿ. ಓ ಅನ್ನಾಕ ಮನಸ ಬಂದ್ರ ಓ ಅನ್ನು. ಬರಲಿಲ್ಲಂದ್ರ ಸುಮ್ಮನಿರು."

"ನಾ ರೊಟ್ಟಿ ಬಡೀಲ್ಯೋ, ಕೂಸಾಗಲ್ಯೋ?"

"ಎರಡೂ ಆಗು. ಶುರು ಮಾಡ್ತೀನಿ ನೋಡು. ಇಂಚೂ..."

"ಇಂಚೂನ? ದರ್ಜಿ ಅಂಗಡ್ಯಾಗ ಅಳತಿ ತಗೊಂಡಂಗಾತು."

"ಅಳತೀದಲ್ಲ, ಇಂಚರ ಅನ್ನೂದನ್ನ ಮುರದು ಇಂಚು. ಹೋಗ್ಲಿ, ಬ್ಯಾಡ. ಆರೂ..."

"ನಿಡೋಣ್ಯಾಗ ನಿಮ್ಮ ಮಾವ ಏಳು ಅಂತ ಕರೀತಾರ. ಅವರಿಗೆ ಚಾಷ್ಟಿ ಭಾಳ."

"ದಿಯಾ!"

"ಅದು ಅಲ್ಲಿ ಮುಟ್ಟಿದ ದಿನಽ ದೀಯವ್ವ ಆಗತದ."

"ಚಿನ್ನೂ..."

"ಕರೀಬ್ಯಾಡ, ಎದುರುಮನಿ ನಾಯಿ ಓಡಿ ಬಂದೀತು."

ಅವಳು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ಮತ್ತೆ ನಕ್ಕಳು. ಆಮೇಲೆ ನಾನೂ ಹಟ ಬಿಟ್ಟು ಆಟಕ್ಕೆ ಬಂದೆ. ಅವಳು ಕರೆಯುವಳು, ನಾನು ತಟ್ಟುವ ರೊಟ್ಟಿಯ ನಡುವೆ ಕೈ ನಿಲ್ಲಿಸಿ "ಓ" ಅನ್ನುವೆನು. ಕೆಲವು ಹೆಸರಿಗೆ ಓ ಗಂಟಲಲ್ಲೇ ಉಳಿಯುತ್ತಿತ್ತು. ಕೆಲವಕ್ಕೆ ತಾನೇ ಬರುತ್ತಿತ್ತು. ಒಂದು ಸಂಗತಿ ನನಗೆ ಆಗಲೇ ತಿಳಿಯಿತು: ಪ್ರತಿ ಸಲ ಆ ಕೋಣೆಯಿಂದ ಹೆಸರು ಬರುವ ಮೊದಲು ಅವಳು ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳಲ್ಲ, ಅಷ್ಟು ಹೊತ್ತು ನಾನು ಒಂದೇ ಒಂದು ಹೆಸರಿಗಾಗಿ ಕಿವಿಗೊಟ್ಟು ನಿಂತಿರುತ್ತಿದ್ದೆ. ಅದು ಬರಲಿಲ್ಲ. ಅವಳಿಗೆ ಅದು ಹೊಳೆಯುವ ಕಾರಣವೂ ಇರಲಿಲ್ಲ.

ಆ ಹೆಸರು ಸಣ್ಣಾಯಿ. ನನ್ನ ಅವ್ವ ನನ್ನನ್ನು ಕರೆಯುತ್ತಿದ್ದ ಹೆಸರು.

ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ. ಟಿಕೋಟಾದ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲೇ ನನ್ನ ಅಪ್ಪನ ತಾಯಿ ಹೋಗಿದ್ದಳು. ಅವಳ ಹೆಸರು ನನಗೆ ಬಂತು. ಅದು ನಮ್ಮ ಸೀಮೆಯ ದೊಡ್ಡ ಹೊಳೆಯ ಹೆಸರು. ಅವ್ವನಿಗೆ ಅದು ಅತ್ತೆಯ ಹೆಸರಾದ್ದರಿಂದ ಅವಳು ಜೀವ ಇರುವವರೆಗೆ ನನ್ನನ್ನು ನನ್ನ ಹೆಸರಿನಿಂದ ಕರೆಯಲಿಲ್ಲ. ದೊಡ್ಡ ಆಯಿ ಗೋಡೆಯ ಮೇಲೆ ಫೋಟೋದಲ್ಲಿದ್ದಳು. ನಾನು ನೆಲದ ಮೇಲೆ ಅಂಬೆಗಾಲಿಡುತ್ತಿದ್ದೆ. ಹಾಗಾಗಿ ಸಣ್ಣಾಯಿ. ಅವ್ವ ಬೈಯುವಾಗಲೂ ಎಚ್ಚರ ತಪ್ಪುತ್ತಿರಲಿಲ್ಲ. "ಸಣ್ಣಾಯಿ, ಬೆನ್ನ ಮ್ಯಾಲ ಎರಡ ಬಿಗೀಲೇನು?" ಎಂದು ಕೈಯೆತ್ತಿ, ಫೋಟೋದ ಕಡೆ ಒಂದು ಸಲ ನೋಡಿ, ಕೈ ಇಳಿಸುತ್ತಿದ್ದಳು. ಅತ್ತೆಯ ಹೆಸರು ನನಗೆ ಹಾಗೆ ಬಹಳ ಏಟು ಉಳಿಸಿದೆ.

ಸಾಲೆಗೆ ಸೇರುವಾಗ ಈ ಪದ್ಧತಿ ನಮ್ಮನ್ನು ಒಂದು ಫಜೀತಿಗೆ ತಂದಿತು. ಮಗಳು ಇಂಗ್ಲೀಷು ಕಲಿಯಲಿ ಎಂದು ಅಪ್ಪನ ಆಸೆ. ಆ ದಿನ ಅವನಿಗೆ ಹೊಲದಲ್ಲಿ ರಾಶಿ ಮಾಡುವ ಕೆಲಸವಿತ್ತು. ಅವ್ವನೇ ನನ್ನನ್ನು ಬಸ್ಸಿನಲ್ಲಿ ವಿಜಯಪುರದ ಕಾನ್ವೆಂಟಿಗೆ ಕರೆತಂದಳು. ಬಿಳಿ ಉಡುಪಿನ ಸಿಸ್ಟರ್ ಮೇಜಿನ ಹಿಂದಿದ್ದರು, ದಕ್ಷಿಣದ ಕಡೆಯವರು. ಮೃದುವಾಗಿ, ಪುಸ್ತಕದ ಕನ್ನಡದಲ್ಲಿ, "ಮಗುವಿನ ಹೆಸರೇನು?" ಎಂದು ಕೇಳಿದರು.

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಊರಲ್ಲಾಗಿದ್ದರೆ ಮಗ್ಗುಲಲ್ಲಿದ್ದ ಹೆಂಗಸು ತಾನೇ ಹೇಳಿಬಿಡುತ್ತಿದ್ದಳು. ಇಲ್ಲಿ ಮಗ್ಗುಲಲ್ಲಿ ಇದ್ದದ್ದು ನಾನೊಬ್ಬಳೇ, ನನಗೂ ಆಗ ಸಣ್ಣಾಯಿ ಎಂಬುದಷ್ಟೇ ಗೊತ್ತು.

"ದೊಡ್ಡ ಹೊಳಿ ಹೆಸರ್ರಿ ಯವ್ವಾ," ಎಂದಳು ಅವ್ವ.

ಸಿಸ್ಟರ್ ಮುಖ ಅರಳಿಸಿ ತಮ್ಮ ಕಡೆಯ ಹೊಳೆಯ ಹೆಸರು ಹೇಳಿದರು. ಅವ್ವ ಹೌದೆಂದು ತಲೆಯಾಡಿಸಿದಳು.

ಸಂಜೆ ಅಪ್ಪ ಕೇಳಿದಾಗ ಅವಳು ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಬಹಳ ವರ್ಷ ಓಡಾಡಿತು. "ಅಷ್ಟ ದೊಡ್ಡಾಕಿ, ಅಷ್ಟ ಪ್ರೀತಿಲಿಂದ ಒಂದು ಹೊಳಿ ಹೆಸರು ಹೇಳಿದ್ಲು. ಅಲ್ಲ ಅಂತ ಹ್ಯಾಂಗ ಅನ್ಲಿ? ಅಲ್ಲ ಅಂದ್ರ ಖರೇದು ಯಾವುದು ಅಂತ ನಾನಽ ಹೇಳಬೇಕಾಗತಿತ್ತು."

ಅಪ್ಪ ರಾಶಿಯ ಧೂಳು ಕೊಡವಿಕೊಳ್ಳುತ್ತ ಹೊಟ್ಟೆ ಬಿರಿಯುವಂತೆ ನಕ್ಕ. "ಇರಲಿ ಬಿಡು. ಯಾವ ಹೊಳಿ ಆದ್ರೇನು, ನೀರು ನೀರಽ." ಹೀಗೆ ಕಣ್ಣಿನಿಂದ ಎಂದೂ ನೋಡದ ಇನ್ನೊಂದು ಸೀಮೆಯ ಹೊಳೆಯಾಗಿ ನಾನು ಹತ್ತನೆಯ ಇಯತ್ತೆಯವರೆಗೆ ಓದಿದೆ.

ಹಾಸ್ಟೆಲಿನಲ್ಲಿದ್ದೆ. ಶನಿವಾರ ಊರಿಗೆ ಬಸ್ಸು. ಟಿಕೋಟಾದಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಚಹಾದಂಗಡಿ ಇತ್ತು. ಅದರ ಮಗ್ಗುಲಲ್ಲಿ ಅವ್ವ ನಿಂತಿರುತ್ತಿದ್ದಳು. ನಾನು ಕಿಟಕಿಯಲ್ಲಿ ಕಾಣುವ ಮೊದಲೇ, ಬಸ್ಸು ಪೂರಾ ನಿಲ್ಲುವ ಮೊದಲೇ, ಯಾವ ಬಸ್ಸೋ ಏನೋ ಎಂದು ನೋಡದೆ ಕೂಗುತ್ತಿದ್ದಳು. "ಸಣ್ಣಾಯೀ..." ಕಡೆಯ ಅಕ್ಷರ ಬಾವಿಗೆ ಬಿಟ್ಟ ಹಗ್ಗದಂತೆ ಉದ್ದಕ್ಕೆ ಇಳಿದು ಬರುತ್ತಿತ್ತು. ನಾನು ಒಳಗಿನಿಂದ "ಓ" ಅನ್ನಬೇಕು. ಅಂದ ಮೇಲೆ ಅವಳು ನನ್ನನ್ನು ಹುಡುಕುತ್ತಿರಲಿಲ್ಲ, ಸೀದಾ ಬಾಗಿಲಿಗೆ ಬರುತ್ತಿದ್ದಳು.

ಒಂದು ಸಲ ಏನಾಯಿತೆಂದರೆ, ವಾರವೆಲ್ಲ ಹಾಜರಿ ಹೇಳಿ ಹೇಳಿ ರೂಢಿಯಾಗಿ, ಅವ್ವ ಕೂಗಿದ ಕೂಡಲೇ ನನ್ನ ಬಾಯಿಂದ "ಪ್ರೆಸೆಂಟ್ ಸಿಸ್ಟರ್" ಎಂದು ಬಂದುಬಿಟ್ಟಿತು. ಬಸ್ಸಿನವರೆಲ್ಲ ನಕ್ಕರು. ಅವ್ವ ನಗಲಿಲ್ಲ. ಕೈ ಹಿಡಿದು ಇಳಿಸಿಕೊಂಡು, ದಾರಿಯಲ್ಲಿ ಬಹಳ ದೂರ ನಡೆದ ಮೇಲೆ ಹೇಳಿದಳು. "ಹಂಗನ್ನಬ್ಯಾಡ ಬೇ. ಓ ಅನ್ನು. ಓ ಅಂದ್ರ ನೀ ಬಂದಿ ಅಂತ ತಿಳೀತದ ನನಗ."

ಆ ಮಾತು ಆಗ ಅರ್ಥವಾಗಿರಲಿಲ್ಲ.

ಮದುವೆಯಲ್ಲಿ ಮತ್ತೊಂದು ಹೆಸರು ಬಂತು. ಬಬಲೇಶ್ವರದ ಮನೆಯವರ ಪದ್ಧತಿಯಂತೆ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ನನ್ನ ಗಂಡ ಬರೆದರು. ಅಕ್ಕಿಯಲ್ಲಿ ಗೆರೆ ಮೂಡುವ ಸಣ್ಣ ಸಪ್ಪಳ ಇನ್ನೂ ಕಿವಿಯಲ್ಲಿದೆ. ಹಿಂದೆ ನಿಂತಿದ್ದ ಅವ್ವನಿಗೆ ಓದು ಬರುತ್ತಿರಲಿಲ್ಲ. ಬಾಗಿ ನನ್ನ ಕಿವಿಯಲ್ಲಿ ಕೇಳಿದಳು. "ಏನ ಬರದ್ರ?" ಹೇಳಿದೆ. ಬಾಯೊಳಗೇ ಒಂದೆರಡು ಸಲ ಅಂದು ನೋಡಿಕೊಂಡಳು. "ಚಲೋ ಐತಿ. ಅವರು ಕರೀಲಿ," ಎಂದಳು. ಮರುಗಳಿಗೆಯಲ್ಲೇ, "ಸಣ್ಣಾಯಿ, ಸೆರಗ ಸರಿ ಮಾಡ್ಕೋ, ಜಾರಾಕತ್ತೈತಿ."

ಅಕ್ಕಿಯಲ್ಲಿ ಬರೆದ ಹೆಸರನ್ನು ಕರೆದವರು ಅತ್ತೆ, ಮಾವ. ಇಬ್ಬರೂ ಈಗಿಲ್ಲ. ಮೈದುನರಿಗೆ ನಾನು ವೈನಿ, ತಮ್ಮನಿಗೆ ಅಕ್ಕ, ಮಗಳಿಗೆ ಮಮ್ಮಿ, ಓಣಿಗೆ ಅಕ್ಕಾರ. ನನ್ನ ಗಂಡ "ಕೇಳ್ತೇನು" ಅನ್ನುತ್ತಾರೆ, ನಾನು ಕೇಳುತ್ತೇನೆ. ಇದರಲ್ಲಿ ಕೊರತೆಯೇನೂ ಇಲ್ಲ. ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಾರೆ. ಆದರೂ ಅವ್ವ ಹೋದ ಮೇಲೆ, ಯಾರಾದರೂ ಕರೆದಾಗ ನಾನು ಏನ್ರಿ ಅನ್ನುತ್ತೇನೆ, ಏನವ್ವಾ ಅನ್ನುತ್ತೇನೆ, ಬಂದೆ ಅನ್ನುತ್ತೇನೆ. ಓ ಅನ್ನುವುದು ತಪ್ಪಿಹೋಯಿತು.

ಅವ್ವನ ಮೊಬೈಲಿನ ಕಥೆಯನ್ನೂ ಹೇಳಬೇಕು. ಕಡೆಯ ವರ್ಷಗಳಲ್ಲಿ ಅವಳು ದಿನವೂ ಫೋನು ಮಾಡುತ್ತಿದ್ದಳು. ಹಲೋ ಇಲ್ಲ, ಏನಿಲ್ಲ. "ಸಣ್ಣಾಯಿ, ಉಂಡೇನು?" ಅವಳು ಹೋದ ಮೇಲೆ ಟಿಕೋಟಾದ ತಮ್ಮ ಆ ಸಿಮ್ಮನ್ನು ಬಿಸಾಡದೆ, ದ್ರಾಕ್ಷಿ ತೋಟದ ಬೋರಿನ ಮೋಟರಿಗೆ ಹಾಕಿದ. ಈಗ ಮೋಟರಿಗೂ ಫೋನಿನ ಸ್ಟಾರ್ಟರ್ ಪೆಟ್ಟಿಗೆ ಇರುತ್ತದೆ. ಮನೆಯಲ್ಲಿ ಕೂತು ಆ ನಂಬರಿಗೆ ಕರೆ ಮಾಡಿದರೆ ತೋಟದಲ್ಲಿ ನೀರು ಶುರುವಾಗುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ, ಸುಮ್ಮನೆ, ಯಾರೂ ಎತ್ತುವುದಿಲ್ಲವೆಂದು ಗೊತ್ತಿದ್ದೂ, ಫೋನಿನಲ್ಲಿ ಇನ್ನೂ 'ಅವ್ವ' ಎಂದೇ ಇದ್ದ ನಂಬರು ಒತ್ತಿದೆ. ಎರಡು ಸಲ ಸದ್ದಾಗಿ ಆ ಕಡೆಯಿಂದ ಯಂತ್ರದ ದನಿಯೊಂದು ಮೋಟರು ಚಾಲೂ ಆಗಿದೆ ಎಂದಿತು. ಸ್ವಲ್ಪ ಹೊತ್ತಿಗೆ ತಮ್ಮನ ಫೋನು.

"ಅಕ್ಕಾ, ನೀ ಏನರೆ ಅವ್ವನ ನಂಬರಿಗೆ ಹಚ್ಚಿದ್ಯಾ? ನಿನ್ನೆಽ ನೀರ ಬಿಟ್ಟೇನಿ, ಮತ್ತ ಹೊಂಟೈತಿಲ್ಲೆ ನೀರು."

"ಕೈ ತಾಗಿತೋ ತಮ್ಮಾ."

"ಹರೀಲಿ ಬಿಡು, ಒಂದೀಟ," ಎಂದ ತಮ್ಮ.

ಇಷ್ಟೆಲ್ಲ ಆ ಮುಂಜಾನೆ ರೊಟ್ಟಿಯ ಹೆಂಚಿನ ಮುಂದೆ ನೆನಪಾಯಿತು. ನಿಡೋಣಿಯವರು ತೊಟ್ಟಿಲಿಗೆ ಅಳಿಯನ ಅಜ್ಜಿಯ ಹೆಸರು ಇಡುತ್ತಾರೆ. ಕೂಸು ಆಯಿಯ ಹೆಸರು ಹೊತ್ತ ಸಣ್ಣ ಜೀವ. ಹಾಗಾದರೆ ಅದಕ್ಕೆ ಸಣ್ಣಾಯಿ ಅನ್ನುವುದರಲ್ಲಿ ಏನು ತಪ್ಪು? ಹೊಂದುತ್ತದೆ. ಮುರಿಯಲೂ ಆಗದು, ಮುರಿದರೆ ಆಯಿ ಉಳಿಯುತ್ತದೆ. ಬೀಗತಿಯ ನಾಲಿಗೆಗೂ ತೊಂದರೆಯಿಲ್ಲ. 'ಈ ಹೆಸರಿಡು' ಎಂದು ಮಗಳಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಳೆಯಾದ ಮೇಲೆ ಹೇಳಿ ಫಲವಿಲ್ಲ. ಕರೆಯುವ ಹೆಸರು ಒಮ್ಮೆ ಹತ್ತು ಜನರ ಬಾಯಿಗೆ ಬಿದ್ದರೆ ಮತ್ತೆ ಕೀಳಲು ಬರುವುದಿಲ್ಲ. ನಮ್ಮ ಮನೆಯ ಪಕ್ಕಿಯೇ ಅದಕ್ಕೆ ಸಾಕ್ಷಿ.

ಆದರೆ ನನಗೆ ಹೇಳಲು ಬರಲಿಲ್ಲ. ಹೆಣ್ಣು ಕೊಟ್ಟ ಮನೆಯ ಕೂಸಿಗೆ ನನ್ನ ತವರಿನ ಮಾತನ್ನು ತೊಡಿಸುವುದು ಹೇಗೆ ಎಂಬ ಸಂಕೋಚ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು.

ಮಗಳು ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಟಿಕೋಟಾಕ್ಕೆ ಹೋದಾಗ, ಅಜ್ಜಿ ಕರೆಯುವುದನ್ನು ಕೇಳಿ ಕೇಳಿ ಒಂದು ದಿನ ತಾನೂ ಪಡಸಾಲೆಯಿಂದ "ಸಣ್ಣಾಯೀ, ನನಗ ಹಸಿವ್ಯಾಗೇದ," ಎಂದು ನನ್ನನ್ನು ಕೂಗಿದಳು. ಎಲ್ಲರೂ ನಕ್ಕರು. ಅವ್ವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು. "ಅದು ನನ್ನ ಬಾಯಾಂದು ಬಂಗಾರಿ. ನೀ ಮಮ್ಮಿ ಅನ್ನು. ನೀ ದೊಡ್ಡಾಕಿ ಆದ ಮ್ಯಾಲ ನಿನ್ನ ಬಾಯಾಗೂ ಒಂದು ಹುಟ್ಟತೈತಿ, ಆಗ ಕರಿಯಾಕಂತಿ." ಮಗಳು ಆಮೇಲೆ ಎಂದೂ ಹಾಗೆ ಕರೆಯಲಿಲ್ಲ. ಅವಳಿಗೆ ಆ ದಿನದ ನೆನಪು ಇದೆಯೋ ಇಲ್ಲವೋ, ನಾನು ಕೇಳಿಲ್ಲ. ಅವ್ವ ಅಂದದ್ದು ನ್ಯಾಯವೇ. ಕರೆಯುವ ಹೆಸರು ಕರೆದವರ ಬಾಯಿಯಲ್ಲಿ ಹುಟ್ಟಬೇಕು. ಬೇಡಿ ಇಡಿಸಿಕೊಂಡರೆ ಅದು ಮತ್ತೊಂದು ಸಾಲೆಯ ಹೆಸರಾದೀತು.

ಊಟಕ್ಕೆ ಬಡಿಸುವಾಗ ಒಮ್ಮೆ ಬಾಯಿ ತೆರೆದೆ.

"ಒಂದು ಮಾತು ಕೇಳ್ಲ್ಯಾ?"

"ಕೇಳು ಮಮ್ಮಿ."

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವ್ವನದೇ ಹುಬ್ಬು.

"ಸಬ್ಬಸಗಿ ಪಲ್ಯ ಇನ್ನೊಂದೀಟ ಹಾಕ್ಲ್ಯಾ?"

"ಅಯ್ಯ, ಇದಕ್ಕ ಅಷ್ಟ ಪೀಠಿಕೆನ? ಸಾಕು ಮಾರಾಯ್ತಿ, ಬಂದಾಗಿಂದ ಸಬ್ಬಸಗಿ ತಿಂದು ತಿಂದು ಕೂಸಿನ ಮೈಯೂ ಸಬ್ಬಸಗಿ ವಾಸನಿ ಹೊಡ್ಯಾಕತ್ತದ."

ಮಧ್ಯಾಹ್ನ ಸಾಮಾನು ತರಲು ಸ್ಟೇಷನ್ ರಸ್ತೆಗೆ ಹೋದೆ. ಕೂಸಿಗೊಂದು ಕುಲಾವಿ, ಬೀಗತಿಗೊಂದು ಸೀರೆ, ಹೆಸರು ಹೇಳುವ ಸೋದರತ್ತೆಗೊಂದು. ಕುಲಾವಿಗಳನ್ನು ಅಂಗಡಿಯವನು ಒಂದರೊಳಗೊಂದು ಸಿಗಿಸಿಟ್ಟಿದ್ದ. ಬಿಡಿಸಿದಂತೆಲ್ಲ ಒಳಗೆ ಇನ್ನೂ ಸಣ್ಣದು. ಕಟ್ಟಕಡೆಯದು ನನ್ನ ಮುಷ್ಟಿಯಷ್ಟಿತ್ತು. ಅದನ್ನೇ ತೆಗೆದುಕೊಂಡೆ. ಬಣ್ಣಕ್ಕಿಂತ ಅದರ ಜರಿಯ ಅಂಚು ಚುಚ್ಚುವುದಿಲ್ಲ ತಾನೇ ಎಂದು ಕೆನ್ನೆಗೆ ಒತ್ತಿ ನೋಡಿದೆ.

ತೊಟ್ಟಿಲ ಹಿಂದಿನ ಗೋಡೆಗೆ ಈಗ ಥರ್ಮಾಕೋಲಿನ ಅಕ್ಷರಗಳಲ್ಲಿ ಹೆಸರು ಅಂಟಿಸುತ್ತಾರೆ. ಮಗಳು ಫೋನಿಗೆ ಕಳಿಸಿದ್ದ ಸಾಲೆಯ ಹೆಸರನ್ನು ತೋರಿಸಿದೆ. ಎರಡೇ ಅಕ್ಷರದ್ದು, ಪಾಪ, ಯಾರೂ ಮುರಿಯದಿರಲಿ ಎಂದು ಆರಿಸಿದ್ದು. ಅಂಗಡಿಯ ಹುಡುಗಿ ಅಕ್ಷರಗಳಿಗೆ ಮಿನುಗು ಹಚ್ಚುತ್ತ ಕೇಳಿದಳು.

"ಕೆಳಗ ಕರಿಯೋ ಹೆಸರೂ ಹಾಕ್ಲ್ಯೇನ್ರಿ ಆಂಟಿ? ಸಣ್ಣ ಅಕ್ಷರದಾಗ? ಈಗ ಎಲ್ಲಾರೂ ಹಂಗಽ ಹಾಕಸ್ತಾರ. ಏನಂತ ಕರೀತೀರಿ ಹೇಳ್ರಿ."

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ತಿಳಿಯಿತು, ಆ ಮೇಜಿನ ಮುಂದೆ ಅವ್ವ ಮಾಡಿದ್ದು ಇದನ್ನೇ. ಅವಳಿಗಾದರೆ ಅತ್ತೆಯ ಮೇಲಿನ ಭಯಭಕ್ತಿ ಇತ್ತು. ನನಗೆ ಯಾವ ಅಡ್ಡಿ? ನಾಲ್ಕು ಗೋಡೆಯ ಆಚೆ, ಗುರುತಿಲ್ಲದ ಹುಡುಗಿಯ ಮುಂದೆ ಒಂದು ಸಲ ಅಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಕಿವಿಯಾದರೂ ಕೇಳುತ್ತಿತ್ತು. ಆದರೆ ಆ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಅಂದವಳೇ ಅಲ್ಲ. ಅದು ನನಗೆ ಕೇಳಿಸಿಕೊಳ್ಳಲಿಕ್ಕೆ ಬಂದದ್ದು.

"ಅದು ಇನ್ನೂ ಠರಾವ ಆಗಿಲ್ಲವ್ವ," ಎಂದೆ.

"ನಾಳಿಗೆ ಫಂಕ್ಷನ್ ಅಂತೀರಿ, ಇನ್ನೂ ಆಗಿಲ್ಲಂದ್ರ ಹ್ಯಾಂಗ್ರಿ?" ಎಂದು ನಕ್ಕು, ಅಕ್ಷರಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು.

ಸೀರೆಯ ಅಂಗಡಿಯಲ್ಲಿ ಹೊತ್ತಾಯಿತು. ಆಟೋದಲ್ಲಿ ಬರುವಾಗ ಮಡಿಲಲ್ಲಿದ್ದ ಅಕ್ಷರಗಳು ರಸ್ತೆಯ ತಗ್ಗಿಗೊಮ್ಮೆ ಒಂದಕ್ಕೊಂದು ತಾಗಿ ಕಿರ್ ಅನ್ನುತ್ತಿದ್ದವು. ಕೂಸಿಗೆ ಸಾಲೆಯ ಹೆಸರು ಇದೆ, ತೊಟ್ಟಿಲ ಹೆಸರು ಇದೆ, ಮುಂದೆ ಇನ್ನೂ ಎಷ್ಟೋ ಬಂದಾವು. ಅದಕ್ಕೆ ಹೆಸರಿನ ಕೊರತೆಯಿಲ್ಲ. ಆಟೋ ಗಾಂಧಿ ಚೌಕದಲ್ಲಿ ನಿಂತಾಗ, ಆ ಗದ್ದಲದಲ್ಲಿ, ಹೊಟ್ಟೆಕಿಚ್ಚಿನ ಹಾಗೆ ಒಂದು ವಿಚಾರ ಬಂತು. ಈ ಹೆಸರನ್ನು ನಾನು ಬಯಸುತ್ತಿರುವುದು ಕೂಸಿಗಾಗಿಯೇ? ಕೂಸಿನ ನೆವ ಮಾಡಿಕೊಂಡು ಯಾರಾದರೂ ನಮ್ಮ ಮನೆಯಲ್ಲಿ ಒಮ್ಮೆ ಸಣ್ಣಾಯಿ ಅನ್ನಲಿ, ಬೇರೆ ಕೋಣೆಯಲ್ಲಿದ್ದರೂ ನನ್ನ ಕಿವಿಗೆ ಬೀಳಲಿ, ಬಾಯೊಳಗೇ ಒಂದು ಓ ಅಂದುಕೊಳ್ಳುತ್ತೇನೆ. ಇಷ್ಟೇ ಇದ್ದದ್ದು. ಅರವತ್ತರ ಹತ್ತಿರ ಬಂದವಳಿಗೆ ಇದು ಹೇಳಿಕೊಳ್ಳುವ ಆಸೆಯಲ್ಲ.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಮಗಳು ಕಿಟಕಿಯ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು, ಕೂಸು ತೊಡೆಯ ಮೇಲೆ. ಕಣ್ಣು ಸ್ವಲ್ಪ ಕೆಂಪಾಗಿದ್ದವು. ಬಾಣಂತಿಯರು ಕಾರಣವಿಲ್ಲದೆ ಅಳುತ್ತಾರೆ, ಕೇಳಬಾರದು, ನಾನೂ ಅತ್ತಿದ್ದೆ.

"ಎಷ್ಟೊತ್ತ ಮಾಡಿದಿ ಮಮ್ಮಿ."

"ಸೀರಿ ಅಂಗಡ್ಯಾಗ ತಡಾ ಆತವ್ವ. ಕರಿಯೋ ಹೆಸರು ಸಿಕ್ತೇನು?"

"ಹುಡುಕೂದು ಬಿಟ್ಟೆ," ಎಂದಳು. ಕುಲಾವಿಯನ್ನು ಕೂಸಿನ ತಲೆಗೆ ಹಿಡಿದು ನೋಡಿ, ಕೆಳಗಿಟ್ಟು, ಮತ್ತೆ ಹಿಡಿದು ನೋಡಿದಳು. "ನಾಳಿ ನೋಡೂನು. ನೀ ಮೊದಲ ಚಹಾ ಕುಡಿ."

ಅವಳು ಇನ್ನೇನೋ ಹೇಳುವವಳಿದ್ದಳು. ನಾನೂ ಇನ್ನೇನೋ ಕೇಳುವವಳಿದ್ದೆ. ಇಬ್ಬರೂ ಕೂಸಿನ ಕಡೆ ನೋಡಿದೆವು.

ಚಹಾ ಕುಡಿದು, ಒಣಗಿದ ಕೂಸಿನ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಹಂಡೆಯ ಕೆಳಗೆ ಮುಂಜಾನೆಯ ಬೂದಿ ಹಾಗೇ ಇತ್ತು. ಹಗ್ಗದ ಮೇಲಿನ ಪುಟ್ಟ ಅಂಗಿಗಳು ಬಿಸಿಲಿಗೆ ಹಪ್ಪಳದಂತಾಗಿದ್ದವು. ಒಂದೊಂದನ್ನೇ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಗೋಡೆಯ ಆಚೆ ಪಕ್ಕದ ಮನೆಯವರು ಒಣಹಾಕಿದ ಕುರುಡಿಗೆ ಸಂಡಿಗೆಗಳನ್ನು ಮೊರದಲ್ಲಿ ತುಂಬಿಕೊಳ್ಳುತ್ತಿದ್ದರು. ನನ್ನನ್ನು ನೋಡಿ, ಕೈ ನಿಲ್ಲಿಸದೆ, ಅಂದರು:

"ಅಕ್ಕಾರ, ಕೆಲಸಕ್ಕ ಹೊಸಾ ಹುಡುಗೀನ ಇಟ್ಟೀರೇನ್ರಿ? ಮಧ್ಯಾಹ್ನ ನೀವು ಹ್ವಾದ ಮ್ಯಾಲ ನಿಮ್ಮ ಮಗಳು ಕಿಡಕ್ಯಾಗ ಕುಂತು 'ಸಣ್ಣಾಯೀ, ಸಣ್ಣಾಯೀ' ಅಂತ ಎಷ್ಟ ಕರದ್ಲರಿ ಪಾಪ. ಎಲ್ಲಿ ಹೋಗಿ ಕುಂತಿದ್ಲೋ ಏನೋ ಆಕಿ, ಒಮ್ಮೆರೆ ಓ ಅನಬಾರದ?"